ಆಳುವವನೇ ಆಳಾದಾಗ

ನಮ್ಮ ಅಜ್ಜಿಯ ಮನೆಯಲ್ಲಿ ಸೋಮವಾರ ರಾತ್ರಿ ಒಲೆ ಉರಿಯುತ್ತಿರಲಿಲ್ಲ. ಮಕ್ಕಳಾದ ನಮಗೆ ಮಧ್ಯಾಹ್ನದ ಅಡಿಗೆಯಲ್ಲಿ ಉಳಿದದ್ದನ್ನು ಬಡಿಸಿ, ತಾನು ಮಾತ್ರ ಒಂದು ಲೋಟ ನೀರುಮಜ್ಜಿಗೆ ಕುಡಿದು ಮಲಗಿಬಿಡುತ್ತಿದ್ದಳು. ಸೋಮವಾರವೆಂದರೆ ಶಿವನ ವಾರವಲ್ಲವೆ? ಇದೂ ಅಂಥದೊಂದು ವ್ರತವೆಂದೇ ನಾವು ನಂಬಿದ್ದೆವು. ಒಮ್ಮೆ ಕೇಳಿಯೇಬಿಟ್ಟಾಗ ಆಕೆ, “ಶಾಸ್ತ್ರಿಗಳು ಹೇಳಿದ್ದು ಕಣೋ” ಎಂದಳು. ಶಾಸ್ತ್ರಿಗಳೆಂದರೆ ಹಬ್ಬಹುಣ್ಣಿಮೆಗಳಲ್ಲಿ ಪಂಚಾಂಗ ಹಿಡಿದು ಬರುತ್ತಿದ್ದ ನಮ್ಮ ಪುರೋಹಿತರೆಂದು ತಿಳಿದು, ಆ ಬಡಪಾಯಿಯ ಮೇಲೆ ನಾನು ಬಹುಕಾಲ ಮುನಿಸಿಕೊಂಡಿದ್ದೆ.

ಅಜ್ಜಿ ಹೇಳಿದ ಶಾಸ್ತ್ರಿಗಳು ಬೇರೆ ಎಂಬುದು ಹೈಸ್ಕೂಲಿಗೆ ಸೇರಿದ ಮೇಲೆ ತಿಳಿಯಿತು. ೧೯೬೫ರಲ್ಲಿ ದೇಶದಲ್ಲಿ ಅನ್ನಕ್ಕೆ ತತ್ವಾರವಾದಾಗ, ವಾರದಲ್ಲಿ ಒಂದು ಹೊತ್ತಿನ ಊಟವನ್ನು ಬಿಡಿರೆಂದು ಜನತೆಯನ್ನು ಬೇಡಿಕೊಂಡ ಪ್ರಧಾನಮಂತ್ರಿ ಲಾಲ್ ಬಹಾದುರ್ ಶಾಸ್ತ್ರಿಗಳು ಅವರು. ಆ ಬೇಡಿಕೆಗೆ ಕಾನೂನಿನ ಬಲವಿರಲಿಲ್ಲ. ತಪ್ಪಿದವರಿಗೆ ದಂಡವಿರಲಿಲ್ಲ, ನಡೆಸಿದವರಿಗೆ ಬಹುಮಾನವೂ ಇರಲಿಲ್ಲ. ಯಾವ ಅಧಿಕಾರಿಯೂ ಅಡಿಗೆಮನೆಗೆ ಬಂದು ಇಣುಕಿ ನೋಡಲಿಲ್ಲ. ಆದರೂ ಎಲ್ಲಿಯೋ ದಿಲ್ಲಿಯಲ್ಲಿದ್ದ, ತನ್ನ ಭಾಷೆಯನ್ನು ಅರಿಯದ ಒಬ್ಬ ಪ್ರಧಾನಮಂತ್ರಿಯ ಮಾತನ್ನು, ಅವರು ತೀರಿಹೋಗಿ ನಲವತ್ತು ವರ್ಷ ಕಳೆದ ಮೇಲೂ ಒಬ್ಬ ಗೃಹಿಣಿ ನಡೆಸಿಕೊಂಡು ಬಂದಳಲ್ಲ, ಏಕೆ? ಆಳುವವರ ಅಪ್ಪಣೆಗಳು ಅವರು ಕುರ್ಚಿಯಿಂದ ಇಳಿದ ಮರುದಿನವೇ ಮರೆತುಹೋಗುವ ಈ ಲೋಕದಲ್ಲಿ, ಒಂದು ವಿನಂತಿ ಇಷ್ಟು ದೀರ್ಘಾಯುವಾದುದು ಹೇಗೆ?

ಒಂದೇ ಮಾತಿಗೆ ಎರಡು ಅರ್ಥ

ಕನ್ನಡದಲ್ಲಿ ‘ಆಳು’ ಎಂಬುದೊಂದು ವಿಚಿತ್ರವಾದ ಶಬ್ದ. ಕ್ರಿಯಾಪದವಾದಾಗ ಅದು ರಾಜ್ಯಭಾರ. ನಾಮಪದವಾದಾಗ ಹೊಲಗದ್ದೆಗಳಲ್ಲಿ ದುಡಿಯುವ ಕೂಲಿಯವನು. ಸಿಂಹಾಸನದ ಮೇಲಿರುವವನ ಕೆಲಸವನ್ನೂ ಅಂಗಳ ಗುಡಿಸುವವನ ಹೆಸರನ್ನೂ ಒಂದೇ ರೂಪದಿಂದ ಸೂಚಿಸುವ ಈ ಚಮತ್ಕಾರವನ್ನು ತರಗತಿಯಲ್ಲಿ ತೋರಿಸಿದಾಗಲೆಲ್ಲ ವಿದ್ಯಾರ್ಥಿಗಳು ನಗುತ್ತಾರೆ. ನಮ್ಮ ಹಿರಿಯರಾದರೋ ಇದನ್ನು ನಗೆಮಾತಾಗಿ ಬಿಡದೆ, ‘ಆಳಾಗಬಲ್ಲವನು ಅರಸಾಗಬಲ್ಲ’ ಎಂಬ ಗಾದೆಯನ್ನೇ ಕಟ್ಟಿದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನವರು ಪದವಿಗಿಂತ ದಾಸೋಹವನ್ನು ಹಿರಿದೆಂದು ಎಣಿಸಿದ ನಾಡು ಇದು. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಎದ್ದುನಿಂತ ವಿಧಾನಸೌಧದ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿರುವುದನ್ನು ಬೆಂಗಳೂರಿಗೆ ಬಂದವರೆಲ್ಲರೂ ಕಂಡಿದ್ದಾರೆ.

ಇದೇ ವಿಚಾರವನ್ನು ಈಚೆಗೆ ಶಾಸ್ತ್ರೀಯವಾಗಿ ಮಂಡಿಸಿದವರು ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್ ಎಂಬವರು. ಬಹು ದೊಡ್ಡದೊಂದು ಟೆಲಿಫೋನ್ ಸಂಸ್ಥೆಯಲ್ಲಿ ಜೀವಮಾನದ ಬಹುಭಾಗ ದುಡಿದು ನಿವೃತ್ತರಾದ ಅವರು ೧೯೭೦ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಜರ್ಮನ್ ಕಾದಂಬರಿಕಾರ ಹರ್ಮನ್ ಹೆಸ್ಸೆಯ ಒಂದು ಕೃತಿಯಲ್ಲಿ ಲಿಯೋ ಎಂಬ ಪರಿಚಾರಕನೊಬ್ಬನಿದ್ದಾನೆ. ಯಾತ್ರಿಕರ ಗುಂಪೊಂದರ ಮೂಟೆ ಹೊತ್ತು, ಹಾಡಿ, ನಗಿಸಿ ನಡೆಯುತ್ತಿದ್ದ ಅವನು ಒಂದು ದಿನ ಕಾಣೆಯಾಗುತ್ತಾನೆ. ಅಂದಿನಿಂದ ಗುಂಪು ಚೆದರಿಹೋಗುತ್ತದೆ. ಆ ಇಡೀ ಪಂಥದ ಮುಖ್ಯಸ್ಥನೇ ಅವನಾಗಿದ್ದನೆಂಬುದು ಬಹುಕಾಲದ ಮೇಲೆ ತಿಳಿದುಬರುತ್ತದೆ. ಈ ಕಥೆಯಿಂದ ಗ್ರೀನ್‌ಲೀಫ್ ಕಂಡುಕೊಂಡ ತತ್ವ ‘ಸೇವಕ ನಾಯಕತ್ವ’. ನಾಯಕನಾದ ಮೇಲೆ ಸೇವೆಯ ವೇಷ ಹಾಕುವುದಲ್ಲ. ಸೇವೆಯ ಹಂಬಲದಿಂದ ಹೊರಟವನು ನಾಯಕನಾಗುವುದು.

ಇಂಥವನನ್ನು ಗುರುತಿಸುವುದೆಂತು? ಗ್ರೀನ್‌ಲೀಫರು ಎರಡು ಒರೆಗಲ್ಲುಗಳನ್ನು ಕೊಟ್ಟಿದ್ದಾರೆ. ಸೇವೆ ಪಡೆದವರು ಅದರಿಂದ ಬೆಳೆದರೇ, ತಮ್ಮ ಕಾಲ ಮೇಲೆ ನಿಲ್ಲುವಂತಾದರೇ ಎಂಬುದು ಮೊದಲನೆಯದು. ಸಮಾಜದ ಕಟ್ಟಕಡೆಯವನಿಗೆ ಒಳಿತಾಯಿತೇ, ಅವನ ಪಾಲಿನದನ್ನೂ ಕಸಿದಂತಾಗಲಿಲ್ಲವಷ್ಟೇ ಎಂಬುದು ಎರಡನೆಯದು. ನಾಯಕನು ಎಷ್ಟು ಸರಳವಾಗಿ ಉಟ್ಟ, ಎಷ್ಟು ಬಾರಿ ಕೈಮುಗಿದ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ. ಇದನ್ನು ನಾವು ವಿಶೇಷವಾಗಿ ಗಮನಿಸಬೇಕು. ಏಕೆಂದರೆ ಚುನಾವಣೆ ಬಂದಾಗ ‘ನಿಮ್ಮ ಸೇವಕ’ ಎಂದು ಸಹಿ ಹಾಕದ ಅಭ್ಯರ್ಥಿ ನಮ್ಮಲ್ಲಿ ಯಾರಿದ್ದಾರೆ?

ಕಾಕತಾಳೀಯವೆನ್ನಿ, ಗ್ರೀನ್‌ಲೀಫರೂ ಶಾಸ್ತ್ರಿಗಳೂ ಹುಟ್ಟಿದ್ದು ಒಂದೇ ವರ್ಷ, ೧೯೦೪ರಲ್ಲಿ. ಅಮೆರಿಕದವರು ಪ್ರಬಂಧ ಬರೆಯುವ ವೇಳೆಗೆ ನಮ್ಮವರು ಕಾಲವಾಗಿ ನಾಲ್ಕು ವರ್ಷಗಳಾಗಿದ್ದವು. ಒಬ್ಬರು ಮತ್ತೊಬ್ಬರನ್ನು ಕುರಿತು ಬರೆದುದಲ್ಲ. ಆದರೂ ಆ ಒರೆಗಲ್ಲಿನ ಮೇಲೆ ಈ ಚಿನ್ನವನ್ನು ಉಜ್ಜಿ ನೋಡುವುದು ಉಚಿತವಾಗಿದೆ.

ಲೋಕಸೇವಕ ಮಂಡಲದ ತರುಣ

ಮೊಗಲ್‌ಸರಾಯಿಯಲ್ಲಿ ಹುಟ್ಟಿದ ಲಾಲ್ ಬಹಾದುರರು ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡರು. ತಾಯಿಯ ತವರಿನಲ್ಲಿ ಬೆಳೆದು, ಗಾಂಧೀಜಿಯವರ ಕರೆಗೆ ಓಗೊಟ್ಟು ಶಾಲೆ ತೊರೆದು, ಕಾಶೀ ವಿದ್ಯಾಪೀಠವನ್ನು ಸೇರಿದರು. ೧೯೨೫ರಲ್ಲಿ ಅಲ್ಲಿ ಪಡೆದ ‘ಶಾಸ್ತ್ರಿ’ ಎಂಬ ಪದವಿಯೇ ಅವರ ಹೆಸರಿನ ಭಾಗವಾಯಿತು. ಜಾತಿಯನ್ನು ಸೂಚಿಸುತ್ತಿದ್ದ ಮನೆತನದ ಹೆಸರನ್ನು ಅವರು ಅದಕ್ಕೂ ಮೊದಲೇ ಬಿಟ್ಟುಬಿಟ್ಟಿದ್ದರು.

ವಿದ್ಯಾಭ್ಯಾಸ ಮುಗಿದ ಮೇಲೆ ಅವರು ಸೇರಿದ್ದು ಲಾಲಾ ಲಜಪತರಾಯರು ೧೯೨೧ರಲ್ಲಿ ಲಾಹೋರಿನಲ್ಲಿ ಸ್ಥಾಪಿಸಿದ್ದ ಲೋಕಸೇವಕ ಮಂಡಲವನ್ನು. ಅದರ ಆಜೀವ ಸದಸ್ಯರು ಅಲ್ಪವಾದ ಜೀವನವೇತನವನ್ನು ಮಾತ್ರ ಪಡೆದು, ದೇಶದ ಕೆಲಸಕ್ಕೆ ತಮ್ಮನ್ನು ಒಪ್ಪಿಸಿಕೊಳ್ಳಬೇಕಾಗಿತ್ತು. ಅಸ್ಪೃಶ್ಯರೆಂದು ಸಮಾಜವು ದೂರವಿಟ್ಟಿದ್ದ ಜನರ ನಡುವಿನ ಸೇವೆಯೇ ತರುಣ ಶಾಸ್ತ್ರಿಗಳಿಗೆ ಅಲ್ಲಿ ದೊರೆತ ಮೊದಲ ಪಾಠ. ಮಂತ್ರಿಪದವಿ ಬಂದುದು ಅದೆಷ್ಟೋ ವರ್ಷಗಳ ಮೇಲೆ, ಹಲವು ಬಾರಿ ಸೆರೆಮನೆ ಕಂಡ ಮೇಲೆ. ನಮ್ಮ ಗಾದೆ ಹೇಳುವ ಕ್ರಮವೇ ಇದು: ಮೊದಲು ಆಳು, ಆಮೇಲೆ ಅರಸು.

ಬಿಟ್ಟುಕೊಟ್ಟ ಕುರ್ಚಿ

೧೯೫೬ರಲ್ಲಿ ಶಾಸ್ತ್ರಿಗಳು ರೈಲ್ವೆ ಮಂತ್ರಿಗಳು. ಆ ಸೆಪ್ಟೆಂಬರಿನಲ್ಲಿ ಮೆಹಬೂಬ್‌ನಗರದ ಬಳಿ ಸೇತುವೆ ಕುಸಿದು ರೈಲು ಉರುಳಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಶಾಸ್ತ್ರಿಗಳು ರಾಜೀನಾಮೆ ಸಲ್ಲಿಸಿದರು. ಪ್ರಧಾನಮಂತ್ರಿ ನೆಹರೂ ಅದನ್ನು ಒಪ್ಪಲಿಲ್ಲ. ಮೂರು ತಿಂಗಳು ತುಂಬುವುದರೊಳಗೆ, ನವೆಂಬರ್ ೨೩ರ ಬೆಳಗಿನ ಜಾವ, ತಮಿಳುನಾಡಿನ ಅರಿಯಲೂರಿನ ಹತ್ತಿರ ಹೊಳೆಯ ಪ್ರವಾಹಕ್ಕೆ ಹಳಿ ಕೊಚ್ಚಿಹೋಗಿ, ಮದರಾಸಿನಿಂದ ತೂತ್ತುಕ್ಕುಡಿಗೆ ಹೊರಟಿದ್ದ ಎಕ್ಸ್‌ಪ್ರೆಸ್ ರೈಲು ನೀರಿಗುರುಳಿತು. ನೂರ ನಲವತ್ತಕ್ಕೂ ಹೆಚ್ಚು ಜೀವಗಳು ಹೋದವು. ಶಾಸ್ತ್ರಿಗಳು ಮತ್ತೆ ರಾಜೀನಾಮೆ ಕೊಟ್ಟರು. ಈ ಸಲ ಹಿಂದೆಗೆದುಕೊಳ್ಳಲು ಒಪ್ಪಲಿಲ್ಲ.

ಮಳೆ ಸುರಿಸಿದವರು ಮಂತ್ರಿಗಳಲ್ಲ, ಹಳಿಯನ್ನು ಕಾಯಬೇಕಾಗಿದ್ದವರೂ ಅವರಲ್ಲ. ಅವರು ಅಪಘಾತಕ್ಕೆ ಕಾರಣರೆಂದಲ್ಲ, ಸಂವಿಧಾನದ ನಡೆವಳಿಗೆ ಒಂದು ಮೇಲ್ಪಂಕ್ತಿಯಾಗಲೆಂದು ರಾಜೀನಾಮೆಯನ್ನು ಅಂಗೀಕರಿಸುತ್ತಿರುವುದಾಗಿ ನೆಹರೂ ಲೋಕಸಭೆಗೆ ತಿಳಿಸಿದರು. ಹಾಗಾದರೆ ಇದರಿಂದ ಸತ್ತವರಿಗೆ ಬಂದದ್ದೇನು ಎಂದು ಕೇಳಬಹುದು. ನಿಜ, ಯಾರೂ ಬದುಕಿಬರಲಿಲ್ಲ. ಆದರೆ ಮನೆಯಲ್ಲಿ ಒಂದು ಅನಾಹುತವಾದಾಗ ಯಜಮಾನನಾದವನು ಆಳುಕಾಳುಗಳ ಕಡೆ ಬೆರಳು ತೋರಿಸುತ್ತಾನೆಯೇ, ಇಲ್ಲವೇ ‘ಇದು ನನ್ನ ಮನೆ’ ಎಂದು ತಲೆ ತಗ್ಗಿಸುತ್ತಾನೆಯೇ ಎಂಬುದರ ಮೇಲೆ ಆ ಮನೆಯ ಮುಂದಿನ ನಡೆವಳಿ ನಿಲ್ಲುತ್ತದೆ. ಅಧಿಕಾರವೆಂಬುದು ತನ್ನ ಸ್ವತ್ತಲ್ಲ, ಇತರರ ಪರವಾಗಿ ಹೊತ್ತ ಹೊರೆ ಎಂದು ಬಲ್ಲವನಿಗೆ ಮಾತ್ರ ಅದನ್ನು ಇಳಿಸುವುದು ಸುಲಭ.

ಮೊದಲು ತನ್ನ ಮನೆ

೧೯೬೪ರ ಜೂನ್ ೯ರಂದು ಶಾಸ್ತ್ರಿಗಳು ಪ್ರಧಾನಮಂತ್ರಿಗಳಾದರು. ಕೇವಲ ಹತ್ತೊಂಬತ್ತು ತಿಂಗಳ ಅಧಿಕಾರ. ಆ ಅವಧಿಯಲ್ಲಿ ಮನೆಯವರಿಗಾಗಿ ಒಂದು ಫಿಯಟ್ ಕಾರು ಕೊಂಡರು. ಬೆಲೆ ಹನ್ನೆರಡು ಸಾವಿರ ರೂಪಾಯಿ. ಬ್ಯಾಂಕಿನಲ್ಲಿದ್ದುದು ಏಳು ಸಾವಿರ. ಮಿಕ್ಕ ಐದು ಸಾವಿರಕ್ಕೆ ದೇಶದ ಪ್ರಧಾನಮಂತ್ರಿ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲ ಮಾಡಿದರು. ಅವರು ತೀರಿಕೊಂಡ ಮೇಲೆ ಆ ಸಾಲವನ್ನು ಪತ್ನಿ ಲಲಿತಾದೇವಿಯವರು ತಮ್ಮ ಪಿಂಚಣಿಯಿಂದ ತೀರಿಸಿದರು. ಆ ಕಾರು ದಿಲ್ಲಿಯ ಅವರ ಸ್ಮಾರಕಭವನದಲ್ಲಿದೆ.

ಈ ಕಥೆ ಎಲ್ಲರ ಬಾಯಲ್ಲಿದೆ. ಕೇಳಿದಾಗ ಕಣ್ಣು ತುಂಬುವುದೂ ಸಹಜ. ಆದರೆ ಸರಳತೆಯೊಂದೇ ಸೇವೆಯಾಗಲಾರದು. ತಾನು ಬಡವನಾಗಿದ್ದುಕೊಂಡೇ ಪ್ರಜೆಗಳನ್ನು ಗೋಳುಗುಟ್ಟಿಸಿದ ದೊರೆಗಳು ಚರಿತ್ರೆಯಲ್ಲಿ ಇಲ್ಲದಿಲ್ಲ. ಶಾಸ್ತ್ರಿಗಳ ಸತ್ವಪರೀಕ್ಷೆಯಾದದ್ದು ಅನ್ನದ ಪ್ರಶ್ನೆಯಲ್ಲಿ.

೧೯೬೫ರಲ್ಲಿ ಮುಂಗಾರು ಕೈಕೊಟ್ಟಿತು. ಹಿಂದಿನ ವರ್ಷ ಸುಮಾರು ೮೯೦ ಲಕ್ಷ ಟನ್ನುಗಳಾಗಿದ್ದ ಆಹಾರಧಾನ್ಯದ ಉತ್ಪನ್ನ ೭೨೦ ಲಕ್ಷ ಟನ್ನುಗಳ ಆಸುಪಾಸಿಗೆ ಇಳಿಯಿತು. ಅಮೆರಿಕದ ಗೋಧಿಯ ಹಡಗುಗಳು ಬಂದರೆ ಊಟ, ಇಲ್ಲವಾದರೆ ಇಲ್ಲ ಎಂಬ ಸ್ಥಿತಿ. ಆ ಹಡಗುಗಳನ್ನಾದರೋ ಅಮೆರಿಕದ ಅಧ್ಯಕ್ಷ ಜಾನ್ಸನ್ ಹಗ್ಗ ಬಿಗಿಹಿಡಿದು ಒಂದೊಂದಾಗಿ ಬಿಡುತ್ತಿದ್ದರು. ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧವೂ ನಡೆಯಿತು. ಸೇವಕನೆಂದರೆ ಅಂಜುಬುರುಕನೆಂದು ತಿಳಿದಿದ್ದವರಿಗೆ, ಸೈನ್ಯವು ಅಂತರರಾಷ್ಟ್ರೀಯ ಗಡಿಯನ್ನು ದಾಟಿ ಲಾಹೋರಿನತ್ತ ನಡೆಯಲು ಅಪ್ಪಣೆಯಿತ್ತ ಈ ಕುಳ್ಳ ದೇಹದ ಮೃದುಭಾಷಿ ತಕ್ಕ ಉತ್ತರವನ್ನೇ ಕೊಟ್ಟರು.

ಇಂಥ ಸಮಯದಲ್ಲಿ ಒಂದು ಹೊತ್ತಿನ ಊಟ ಬಿಡಿರೆಂದು ಜನರನ್ನು ಕೇಳುವ ಯೋಚನೆ ಅವರಿಗೆ ಬಂದಿತು. ಕೇಳುವ ಮೊದಲು ಅವರು ಮಾಡಿದ್ದೇನು? ಒಂದು ಸಂಜೆ ಮನೆಯಲ್ಲಿ ಅಡಿಗೆ ಮಾಡಬೇಡವೆಂದು ಲಲಿತಾದೇವಿಯವರಿಗೆ ಹೇಳಿದರು. ತಮ್ಮ ಮಕ್ಕಳು ಹಸಿವನ್ನು ತಾಳಬಲ್ಲರೇ ಎಂಬುದನ್ನು ಕಂಡುಕೊಂಡ ಮೇಲೆಯೇ ದೇಶವನ್ನು ಕೇಳಿದರೆಂದು ಆ ಮಕ್ಕಳೇ ಮುಂದೆ ನೆನೆದುಕೊಂಡಿದ್ದಾರೆ. ಸೋಮವಾರ ಸಂಜೆ ಊರೂರುಗಳಲ್ಲಿ ಹೋಟೆಲುಗಳ ಬಾಗಿಲು ಮುಚ್ಚಿದವು. ಲಕ್ಷಾಂತರ ಮನೆಗಳಲ್ಲಿ ಒಲೆ ಆರಿತು.

ವಾರಕ್ಕೊಂದು ಊಟ ಬಿಟ್ಟ ಮಾತ್ರಕ್ಕೆ ನೂರ ಎಪ್ಪತ್ತು ಲಕ್ಷ ಟನ್ನುಗಳ ಕೊರತೆ ತುಂಬುವುದಿಲ್ಲವೆಂಬುದನ್ನು ಅರಿಯದಷ್ಟು ಮುಗ್ಧರಲ್ಲ ಶಾಸ್ತ್ರಿಗಳು. ಉಪವಾಸ ಹೊತ್ತು ಕಳೆಯುವುದಕ್ಕೆ; ಹೊಟ್ಟೆ ತುಂಬಿಸುವುದಕ್ಕೆ ಬೇರೆಯೇ ಕೆಲಸ ಆಗಬೇಕಿತ್ತು. ಯಾರೂ ಹಂಬಲಿಸದ ಆಹಾರ ಮತ್ತು ಕೃಷಿ ಖಾತೆಯನ್ನು ಅವರು ಸಮರ್ಥರಾದ ಸಿ. ಸುಬ್ರಹ್ಮಣ್ಯಂ ಅವರಿಗೆ ವಹಿಸಿದರು. ರೈತನಿಗೆ ನ್ಯಾಯವಾದ ಬೆಲೆಯನ್ನು ಸೂಚಿಸಲು ಒಂದು ಆಯೋಗ, ಧಾನ್ಯವನ್ನು ಕೊಂಡು ಶೇಖರಿಸಲು ಭಾರತದ ಆಹಾರ ನಿಗಮ, ಎರಡೂ ೧೯೬೫ರಲ್ಲಿ ಹುಟ್ಟಿದವು. ಮೆಕ್ಸಿಕೋದ ಗಿಡ್ಡ ತಳಿಯ ಗೋಧಿಯನ್ನು ತರಿಸುವ ವಿಷಯದಲ್ಲಿ ಪಂಡಿತರಲ್ಲೇ ಭಿನ್ನಾಭಿಪ್ರಾಯವಿದ್ದಾಗ ಅವರು ತಮ್ಮ ಮಂತ್ರಿಯ ಬೆನ್ನಿಗೆ ನಿಂತರು. ೧೯೬೬ರಲ್ಲಿ ಹದಿನೆಂಟು ಸಾವಿರ ಟನ್ನು ಬಿತ್ತನೆಬೀಜ ಬಂದಿತು. ೧೯೬೮ರ ಸುಗ್ಗಿಯಲ್ಲಿ ದೇಶ ಅದುವರೆಗೆ ಕಂಡಿರದಷ್ಟು ಗೋಧಿ ಬೆಳೆಯಿತು. ಆ ಸುಗ್ಗಿಯನ್ನು ಕಾಣಲು ಶಾಸ್ತ್ರಿಗಳು ಉಳಿದಿರಲಿಲ್ಲ.

ಹಳ್ಳಿಯಲ್ಲೊಂದು ರಾತ್ರಿ

ಸೇವೆ ಪಡೆದವರು ಬೆಳೆದರೇ ಎಂಬ ಮೊದಲ ಒರೆಗಲ್ಲಿಗೆ ಗುಜರಾತಿನ ಒಂದು ಪ್ರಸಂಗವೇ ಸಾಕ್ಷಿ. ೧೯೬೪ರ ಅಕ್ಟೋಬರ್ ಕೊನೆಯಲ್ಲಿ ಆಣಂದದ ಹಾಲು ಉತ್ಪಾದಕರ ಸಂಘವು ಕಟ್ಟಿದ ಪಶು ಆಹಾರ ಕಾರ್ಖಾನೆಯ ಉದ್ಘಾಟನೆಗೆ ಶಾಸ್ತ್ರಿಗಳು ಬರಬೇಕಾಗಿತ್ತು. ಹಿಂದಿನ ರಾತ್ರಿಯೇ ಬಂದು, ಒಂದು ಹಳ್ಳಿಯಲ್ಲಿ, ಸಾಮಾನ್ಯ ರೈತನೊಬ್ಬನ ಮನೆಯಲ್ಲಿ ತಂಗುವುದಾಗಿ ಅವರು ಹಟ ಹಿಡಿದರು. ಅಜರ್‌ಪುರವೆಂಬ ಹಳ್ಳಿಯನ್ನು ಆರಿಸಲಾಯಿತು. ಬರುವ ಅತಿಥಿ ಯಾರೆಂಬುದನ್ನು ಆ ರೈತನಿಗೂ ಮೊದಲು ತಿಳಿಸಿರಲಿಲ್ಲವೆಂದು ಡಾಕ್ಟರ್ ವರ್ಗೀಸ್ ಕುರಿಯನ್ ತಮ್ಮ ಆತ್ಮಕಥೆಯಲ್ಲಿ ಸ್ವಾರಸ್ಯವಾಗಿ ವರ್ಣಿಸಿದ್ದಾರೆ. ಶಾಸ್ತ್ರಿಗಳು ನಡುರಾತ್ರಿ ಮೀರುವವರೆಗೂ ಮನೆಮನೆಗೆ ಹೋಗಿ ಹೆಂಗಸರು, ಮಕ್ಕಳು, ರೈತರು, ಹರಿಜನರು ಎಲ್ಲರೊಡನೆಯೂ ಮಾತನಾಡಿದರು.

ಮರುದಿನ ಅವರು ಕುರಿಯನ್ನರನ್ನು ಕೇಳಿದ್ದು ಸ್ವಾಗತದ ವಿಷಯವನ್ನಲ್ಲ. ಇಲ್ಲಿನ ಮಣ್ಣು, ಮಳೆ, ಎಮ್ಮೆಗಳು ಯಾವುವೂ ಬೇರೆಡೆಗಿಂತ ಮೇಲೆಂದು ಕಾಣಲಿಲ್ಲ. ಸರ್ಕಾರ ನಡೆಸುವ ಡೈರಿಗಳು ಸೋತ ಕಡೆ ಇದೊಂದು ಗೆದ್ದುದು ಹೇಗೆ ಎಂದು ಕೇಳಿದರು. ಇಲ್ಲಿ ಡೈರಿಯ ಒಡೆಯರು ರೈತರೇ, ನಡೆಸುವವರು ಅವರು ಆರಿಸಿದವರೇ ಎಂದರು ಕುರಿಯನ್. ಹಾಗಾದರೆ ಇಂಥ ಆಣಂದಗಳು ದೇಶದ ತುಂಬ ಆಗಲಿ ಎಂಬುದು ಶಾಸ್ತ್ರಿಗಳ ಇಚ್ಛೆಯಾಯಿತು. ೧೯೬೫ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. ಅದರ ಕೇಂದ್ರವನ್ನು ದಿಲ್ಲಿಯಲ್ಲಲ್ಲ, ರೈತರ ನಡುವೆ ಆಣಂದದಲ್ಲಿಯೇ ಇರಿಸಿದರು.

ಇಲ್ಲಿ ಪ್ರಧಾನಮಂತ್ರಿಯು ಹಳ್ಳಿಗರಿಗೆ ಹಾಲನ್ನು ಹಂಚಲಿಲ್ಲ. ಅವರಿಂದ ಕಲಿತು, ಅವರ ವಿಧಾನವನ್ನೇ ನಾಡಿಗೆಲ್ಲ ಮಾದರಿಯೆಂದು ಎತ್ತಿಹಿಡಿದರು. ಸರ್ಕಾರವನ್ನು ಬಾಗಿಲಾಚೆ ನಿಲ್ಲಿಸಿ ಯಜಮಾನಿಕೆಯನ್ನು ಅವರಿಗೇ ಬಿಟ್ಟರು. ಅದೇ ಮಾದರಿಯ ಹಾಲು ಸಹಕಾರ ಸಂಘಗಳು ಕರ್ನಾಟಕಕ್ಕೆ ಬಂದದ್ದು ೧೯೭೪ರಲ್ಲಿ ಪ್ರಾರಂಭವಾದ ಹೈನು ಯೋಜನೆಯಿಂದ. ಇಂದು ನಸುಕಿನಲ್ಲಿ ನಮ್ಮ ಬಾಗಿಲಿಗೆ ಬಂದು ಬೀಳುವ ನಂದಿನಿ ಹಾಲಿನ ಪೊಟ್ಟಣಕ್ಕೂ ಅಜರ್‌ಪುರದ ಆ ರಾತ್ರಿಗೂ ಹೀಗೊಂದು ನಂಟಿದೆ.

ಒರೆಗಲ್ಲಿಗೆ ದಾಕ್ಷಿಣ್ಯವಿಲ್ಲ

ಇಷ್ಟನ್ನೇ ಹೇಳಿ ಮುಗಿಸಿದರೆ ಇದು ಸ್ತುತಿಪಾಠವಾದೀತು. ಸೇವಕನಾದ ನಾಯಕನಿಗೆ ಬರುವ ದೊಡ್ಡ ಧರ್ಮಸಂಕಟ, ತಾನು ಯಾರ ಸೇವಕ ಎಂಬುದು. ೧೯೬೫ರ ಜನವರಿ ೨೬ರಿಂದ ಹಿಂದಿಯೊಂದೇ ಕೇಂದ್ರದ ಮುಖ್ಯ ಆಡಳಿತಭಾಷೆಯಾಗುವುದೆಂಬ ಭೀತಿಯಿಂದ ಮದರಾಸು ಪ್ರಾಂತದಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಕೆಲವರು ಮೈಗೆ ಬೆಂಕಿ ಹಚ್ಚಿಕೊಂಡರು, ಗೋಲೀಬಾರುಗಳಾದವು, ಅನೇಕ ಪ್ರಾಣಗಳು ಹೋದವು. ಹಳ್ಳಿಯೊಂದರಲ್ಲಿ ಅರ್ಧರಾತ್ರಿಯವರೆಗೆ ಕಿವಿಗೊಟ್ಟು ಕುಳಿತಿದ್ದ ಪ್ರಧಾನಮಂತ್ರಿಗೆ ದಕ್ಷಿಣದ ಕೂಗು ತಕ್ಷಣವೇ ಮುಟ್ಟಲಿಲ್ಲ. ಸುಬ್ರಹ್ಮಣ್ಯಂ ಮತ್ತು ಅಳಗೇಶನ್ ಎಂಬ ಇಬ್ಬರು ಮಂತ್ರಿಗಳು ರಾಜೀನಾಮೆಗೆ ಮುಂದಾದ ಮೇಲೆಯೇ, ಫೆಬ್ರವರಿ ೧೧ರ ರಾತ್ರಿ, ಅವರು ರೇಡಿಯೋದಲ್ಲಿ ಮಾತನಾಡಿ, ಹಿಂದಿಯೇತರ ಜನರು ಬಯಸುವವರೆಗೆ ಇಂಗ್ಲಿಷೂ ಮುಂದುವರಿಯುವುದೆಂಬ ನೆಹರೂ ಅವರ ವಾಗ್ದಾನವನ್ನು ನಡೆಸಿಕೊಡುವುದಾಗಿ ಭರವಸೆಯಿತ್ತರು. ತಿದ್ದಿಕೊಂಡದ್ದು ದೊಡ್ಡತನ, ತಡವಾದದ್ದು ಸತ್ಯ. ಎದುರಿಗೆ ಕುಳಿತವನ ಮಾತನ್ನು ಆಲಿಸುವುದಕ್ಕಿಂತ ದೂರದಲ್ಲಿ ಕೂಗುವವನ ಮಾತನ್ನು ಆಲಿಸುವುದು ಕಷ್ಟ.

ನಮ್ಮ ನಾಡಿನಲ್ಲಿಯೂ ಅವರ ಹೆಸರಿನೊಡನೆ ಬೆಸೆದ ಒಂದು ಪ್ರಶ್ನೆಯಿದೆ. ಪ್ರಧಾನಮಂತ್ರಿಗಳಾಗುವುದಕ್ಕೆ ಮೂರು ವಾರವೂ ಇಲ್ಲದಾಗ, ೧೯೬೪ರ ಮೇ ೨೨ರಂದು, ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟುವ ಅಣೆಕಟ್ಟೆಯ ಶಂಕುಸ್ಥಾಪನೆ ಮಾಡಿದರು. ಆ ಜಲಾಶಯಕ್ಕೆ ಇಂದು ಲಾಲ್ ಬಹಾದುರ್ ಶಾಸ್ತ್ರಿ ಸಾಗರವೆಂದೇ ಹೆಸರು. ಬರದ ಬೀಡಾಗಿದ್ದ ಸೀಮೆಗೆ ಅದು ನೀರನ್ನೂ ಬೆಳಕನ್ನೂ ಕೊಟ್ಟಿದೆ. ಅದೇ ನೀರಿನಲ್ಲಿ ಎಷ್ಟೋ ಹಳ್ಳಿಗಳೂ ಹಳೆಯ ಬಾಗಲಕೋಟೆಯ ಕೇರಿಗಳೂ ಮುಳುಗಿವೆ. ಸಾವಿರಾರು ಕುಟುಂಬಗಳು ಹುಟ್ಟಿದ ಮನೆಯನ್ನು ಬಿಟ್ಟು ಎದ್ದುಹೋದವು. ಗ್ರೀನ್‌ಲೀಫರ ಎರಡನೆಯ ಒರೆಗಲ್ಲು ಕೇಳುವುದು ಇದನ್ನೇ: ಹಲವರಿಗೆ ಒಳಿತಾಗುವಾಗ ಕಳೆದುಕೊಂಡವನ ಕಡೆಗೆ ಯಾರು ನೋಡಿದರು? ಈ ಪ್ರಶ್ನೆಗೆ ಶಂಕುಸ್ಥಾಪನೆಯ ದಿನ ಬಂದ ಅತಿಥಿಗಿಂತ, ಅಣೆಕಟ್ಟೆ ಏಳುತ್ತ ಹೋದ ನಾಲ್ಕು ದಶಕಗಳಲ್ಲಿ ನಮ್ಮನ್ನು ಆಳಿದವರೆಲ್ಲರೂ ಉತ್ತರ ಹೇಳಬೇಕು. ಸೇವಕನ ಹೆಸರನ್ನು ಜಲಾಶಯಕ್ಕೆ ಇಡುವುದು ಸುಲಭ. ಆತನ ಗುಣವನ್ನು ಪುನರ್ವಸತಿಯ ಕಚೇರಿಯಲ್ಲಿ ತೋರಿಸುವುದು ಅಷ್ಟು ಸುಲಭವಲ್ಲ.

೧೯೬೬ರ ಜನವರಿ ೧೦ರಂದು ತಾಷ್ಕೆಂಟಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದಿತು. ಗೆದ್ದ ನೆಲವನ್ನು ಹಿಂದಿರುಗಿಸುವ ಆ ಒಪ್ಪಂದ ಇಲ್ಲಿ ಅನೇಕರಿಗೆ ರುಚಿಸದೆಂಬುದನ್ನು ಅರಿತೇ ಅವರು ಸಹಿ ಮಾಡಿದ್ದರು. ಕೆಲವೇ ಗಂಟೆಗಳಲ್ಲಿ, ಜನವರಿ ೧೧ರ ನಡುರಾತ್ರಿಯ ಮೇಲೆ, ಅಲ್ಲಿಯೇ ಕೊನೆಯುಸಿರೆಳೆದರು. ಸ್ವಂತದ್ದೆಂದು ಒಂದು ಮನೆಯನ್ನೂ ಅವರು ಬಿಟ್ಟುಹೋಗಲಿಲ್ಲ.

ಮತ್ತೆ ಅಜ್ಜಿಯ ಅಡಿಗೆಮನೆಗೆ ಬರೋಣ. ಕಾಲೇಜಿಗೆ ಸೇರಿ ಹೊಸದಾಗಿ ತರ್ಕ ಕಲಿತಿದ್ದ ನಾನು ಒಂದು ಸೋಮವಾರ ಆಕೆಯೊಡನೆ ವಾದಕ್ಕಿಳಿದೆ. ಉಗ್ರಾಣಗಳಲ್ಲಿ ಧಾನ್ಯ ಮುಗ್ಗುತ್ತಿದೆ, ದೇಶ ಅಕ್ಕಿಯನ್ನು ಪರದೇಶಗಳಿಗೆ ಮಾರುತ್ತಿದೆ, ಇನ್ನೂ ಏಕೆ ಈ ಒಪ್ಪತ್ತು ಎಂದೆ. ಅಜ್ಜಿ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟು ಹೇಳಿದಳು:

“ಅವರು ಮೊದಲು ತಮ್ಮ ಮನೇಲಿ ಮಾಡಿ, ಆಮೇಲೆ ನಮಗೆ ಹೇಳಿದರಂತೆ. ಸಾಕು, ಇನ್ನು ನಿಲ್ಲಿಸಿ ಅಂತ ಹೇಳೋದಕ್ಕೆ ಅವರು ಉಳೀಲಿಲ್ಲವಲ್ಲ ಮಗು.”

ನನ್ನ ತರ್ಕ ಅಲ್ಲಿಗೆ ನಿಂತಿತು.